ಹಳೆಯ ಜೀಪಿನ ಪ್ರೊಪೆಲ್ಲರ್ ಶಾಫ್ಟನ್ನು ನಾನೇ ಬಿಚ್ಚಿ ಕಟ್ಟಿದ್ದು

ನಮ್ಮ ಮನೆಯಲ್ಲಿರುವುದು 1980ರ ದಶಕದ ಮಹೀಂದ್ರ ಸಿ.ಜೆ. ಮಾದರಿಯ ಡೀಸೆಲ್ ಜೀಪು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಮೇಗರವಳ್ಳಿಯ ಆಸುಪಾಸಿನಲ್ಲಿ ಒಳಗೆ ಹೊರಳಿದರೆ ಸಿಗುವ ನಮ್ಮ ತೋಟಕ್ಕೆ ಒಂದು ಹಳ್ಳ ದಾಟಿಯೇ ಹೋಗಬೇಕು. ಆಷಾಢದಲ್ಲಿ ಆ ಹಳ್ಳದ ನೀರು ಜೀಪಿನ ಹೊಟ್ಟೆಗೆ ತಾಗುತ್ತದೆ. ಅಡಿಕೆ ಗೊನೆ, ಗೊಬ್ಬರ, ಸೊಪ್ಪು, ಕೆಲಸದವರು ಎಲ್ಲರನ್ನೂ ಎಲ್ಲವನ್ನೂ ಹೊತ್ತ ಈ ಗಾಡಿಯ ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಎಂಜಿನ್ನಿನ ತಿರುಗನ್ನು ಹಿಂದಿನ ಗಾಲಿಗಳ ಕಡೆಗೆ ಒಯ್ಯುವ ಉದ್ದನೆಯ ದಂಡ, ಕಳೆದ ವರ್ಷ ಸದ್ದು ಮಾಡಲು ತೊಡಗಿತು. ಅದನ್ನು ಬಿಚ್ಚಿ, ಎರಡೂ ತುದಿಯ ಕ್ರಾಸುಗಳನ್ನು (ಶಾಫ್ಟ್ ಕೋನದಲ್ಲೂ ತಿರುಗುವಂತೆ ಮಾಡುವ ನಾಲ್ಕು ತೋಳಿನ ಕೀಲುಗಳನ್ನು) ಬದಲಿಸಿ ಮತ್ತೆ ಕಟ್ಟುವಾಗ ನಾನು ಮಾಡಿದ ಒಂದು ತಪ್ಪಿನಿಂದಾಗಿ ಅದೇ ಕೆಲಸವನ್ನು ಎರಡು ಸಲ ಮಾಡಬೇಕಾಯಿತು.

ಮೊದಲು ಕೇಳಿಸಿದ್ದು ಕೀಚು ದನಿ. ಮುಂಜಾನೆ ಜೀಪು ಹೊರಟು ನಿಧಾನವಾಗಿ ಸಾಗುವಾಗ ಹಕ್ಕಿ ಕೂಗಿದಂತೆ ಒಂದೇ ತಾಳದಲ್ಲಿ ಬರುತ್ತಿದ್ದ ಆ ಸದ್ದು, ವೇಗ ಹೆಚ್ಚಿದರೆ ಎಂಜಿನ್ನಿನ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು; ಹಳ್ಳ ದಾಟಿದ ಮೇಲೆ ಸ್ವಲ್ಪ ಹೊತ್ತು ಪೂರ್ತಿ ನಿಲ್ಲುತ್ತಿತ್ತು. ನೀರು ತಾಗಿದರೆ ನಿಲ್ಲುತ್ತದಲ್ಲ ಎಂದು ನಾನು ಅದನ್ನು ಒಂದು ಮಳೆಗಾಲ ಪೂರ್ತಿ ಕಡೆಗಣಿಸಿದೆ. ಅನಂತರ ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಸೀಟಿನ ಕೆಳಗೆ ‘ಟಣ್’ ಎಂದು ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಆಗತೊಡಗಿತು. ಕ್ರೌನ್, ಅಂದರೆ ಶಾಫ್ಟಿನ ತಿರುಗನ್ನು ಹಿಂದಿನ ಗಾಲಿಗಳಿಗೆ ದಾಟಿಸುವ ಹಲ್ಲುಚಕ್ರ, ಹೋಗಿದೆ ಎಂದು ಇಬ್ಬರು ಹೇಳಿದರು. ಕ್ರೌನ್ ಬಿಚ್ಚಿಸುವ ಖರ್ಚನ್ನು ನೆನೆದು, ಮೊದಲು ನಾನೇ ಒಮ್ಮೆ ಕೆಳಗೆ ತೂರಿ ನೋಡಿಬಿಡೋಣವೆಂದು ತೀರ್ಮಾನಿಸಿದೆ.

ನೋಡುವ ವಿಧಾನ ಸುಲಭ. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೆಳಗೆ ಮಲಗಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುವಬೇಕು. ಶಾಫ್ಟಿನ ಜೊತೆಯಲ್ಲಿ ಕ್ರೌನಿನ ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ಕೂಡ ಅಲುಗಿದರೆ ಸಡಿಲ ಇರುವುದು ಕ್ರೌನಿನೊಳಗೆ. ಯೋಕ್ ಸುಮ್ಮನಿದ್ದು ಶಾಫ್ಟ್ ಮಾತ್ರ ಅಲುಗಿದರೆ ನಡುವಿನ ಕ್ರಾಸು ಸವೆದಿದೆ ಎಂದರ್ಥ. ನನ್ನದರಲ್ಲಿ ಯೋಕ್ ಕೂದಲೆಳೆಯಷ್ಟು ಅಲುಗಿತು, ಶಾಫ್ಟ್ ಮಾತ್ರ ಕಣ್ಣಿಗೆ ಕಾಣುವಷ್ಟು ತಿರುಗಿತು. ಅದಕ್ಕಿಂತ ಸ್ಪಷ್ಟವಾದ ಗುರುತು ಕ್ರಾಸಿನ ತೋಳುಗಳಿಗೆ ತೊಡಿಸಿದ ಬಟ್ಟಲಿನಾಕಾರದ ಕಪ್ಪುಗಳ ಸುತ್ತಲೇ ಇತ್ತು: ಗ್ರೀಸು ಇರಬೇಕಾದ ಜಾಗದಲ್ಲಿ ಕುಂಕುಮ ಉದುರಿದ ಹಾಗೆ ಕೆಂಪು ಪುಡಿ. ನಮ್ಮೂರಿನ ಮಣ್ಣೂ ಕೆಂಪೇ ಆದ್ದರಿಂದ ಇಷ್ಟು ದಿನ ಅದನ್ನು ಧೂಳು ಎಂದುಕೊಂಡಿದ್ದೆ. ಬೆರಳಲ್ಲಿ ಉಜ್ಜಿ ನೋಡಿದಾಗ ಅದು ಕಬ್ಬಿಣದ ತುಕ್ಕು ಎಂದು ತಿಳಿಯಿತು.

ಕೆಲಸಕ್ಕೆ ಸಮತಟ್ಟಾದ ನೆಲವೇ ಬೇಕು. ನಮ್ಮಲ್ಲಿ ಅಂಥ ಜಾಗ ಅಂಗಳವೊಂದೇ. ಅಡಿಕೆ ಒಣಗಿ ಅಂಗಳ ಖಾಲಿಯಾಗುವ ತನಕ ಕಾಯಬೇಕಾಯಿತು. ಸಮತಟ್ಟು ಬೇಕೆನ್ನುವುದಕ್ಕೆ ಕಾರಣವಿದೆ. ನಮ್ಮ ಜೀಪಿನ ಹ್ಯಾಂಡ್‌ಬ್ರೇಕ್ ಇರುವುದು ಗಾಲಿಗಳಲ್ಲಲ್ಲ, ಮುಂದಿನ ಹಿಂದಿನ ಶಾಫ್ಟುಗಳಿಗೆ ತಿರುಗು ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿನಲ್ಲಿ. ಅದು ಹಿಡಿಯುವುದು ಹಿಂದಿನ ಶಾಫ್ಟನ್ನು. ಶಾಫ್ಟ್ ಕಳಚಿದ ಕ್ಷಣದಿಂದ ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ, ಟೂ ವೀಲ್‌ನಲ್ಲಿ (ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಬಲ ಹೋಗುವಾಗ) ಯಾವ ಗೇರಿಗೆ ಹಾಕಿದ್ದರೂ, ಗಾಲಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇಳಿಜಾರಿನಲ್ಲಿ ಕೆಳಗೆ ಮಲಗಿ ಕೊನೆಯ ನಟ್ ಬಿಚ್ಚಿದವನ ಮೇಲೆ ಜೀಪು ಹೊರಟುಬಿಡುತ್ತದೆ. ನಾನು ನಾಲ್ಕು ಗಾಲಿಗೂ ಮುಂದೆ ಹಿಂದೆ ಕಲ್ಲು ಕೊಟ್ಟು, ಸಾಲದೆಂದು ಮುಂದಿನ ಬಂಪರಿಗೆ ಹಗ್ಗ ಬಿಗಿದು ಹಲಸಿನ ಮರಕ್ಕೆ ಕಟ್ಟಿದೆ. ತಮ್ಮನ ಮಗ ಅದನ್ನು ನೋಡಿ, “ದೊಡ್ಡಪ್ಪ, ಕೊಟ್ಟಿಗೆಯಲ್ಲೇ ಕಟ್ಟಬಹುದಿತ್ತಲ್ಲ” ಎಂದು ನಕ್ಕ.

ಬಿಚ್ಚುವ ಮೊದಲು ಗುರುತು ಹಾಕಬೇಕೆಂದು ನನಗೆ ಗೊತ್ತಿತ್ತು. ಕ್ರೌನಿನ ಯೋಕಿಗೂ ಶಾಫ್ಟಿಗೂ, ಟ್ರಾನ್ಸ್‌ಫರ್ ಕಡೆಯ ಯೋಕಿಗೂ ಶಾಫ್ಟಿಗೂ, ನಡುವೆ ಉದ್ದುದ್ದ ಹಲ್ಲುಗಳಿರುವ ಸ್ಪ್ಲೈನಿನ ಮೇಲೆ ಜಾರಾಡುವ ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳಿಗೂ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸೀಮೆಸುಣ್ಣದಲ್ಲಿ ಎಳೆದೆ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕ್ರೌನಿನ ಕಡೆ ಕ್ರಾಸನ್ನು ಹಿಡಿದಿರುವುದು ಎರಡು ಯು-ಬೋಲ್ಟುಗಳು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ಸಂಜೆಯೇ ಡೀಸೆಲ್ ಬಿಟ್ಟು ನೆನೆಸಿಟ್ಟಿದ್ದೆ. ಮೂರು ಸುಲಭವಾಗಿ ಬಂದವು, ನಾಲ್ಕನೆಯದನ್ನು ಉಳಿಯಿಂದ ಸೀಳಬೇಕಾಯಿತು. ಯು-ಬೋಲ್ಟ್ ತೆಗೆದ ಕೂಡಲೇ ಆ ಕಡೆಯ ಎರಡು ಕಪ್ಪುಗಳು ಹಿಡಿತವಿಲ್ಲದೆ ಕಳಚಿ ಬೀಳುತ್ತವೆ. ಹಳೆಯದನ್ನೇ ಮತ್ತೆ ಬಳಸುವುದಾದರೆ ಅವುಗಳ ಸುತ್ತ ಟೇಪು ಸುತ್ತಬೇಕು. ಇಲ್ಲದಿದ್ದರೆ ಒಳಗಿನ ಸೂಜಿಗಳೆಲ್ಲ (ಬೇರಿಂಗಿನ ಸಪೂರ ಉರುಳೆಗಳು) ಅಂಗಳದ ಪಾಲು. ನಾನು ಹೇಗೂ ಹೊಸದು ಹಾಕುವವನಾದ್ದರಿಂದ ಬೀಳಲಿ ಎಂದು ಬಿಟ್ಟೆ. ಶಾಫ್ಟ್ ಕೆಳಗಿಳಿಸಿ, ಸ್ಲಿಪ್ ಜಾಯಿಂಟಿನಲ್ಲಿ ಎರಡು ಭಾಗ ಮಾಡಿ, ವರ್ಷಗಳ ಕೆಸರು ಹೋಗುವಂತೆ ಡೀಸೆಲಿನಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆದೆ.

ಹಳೆಯ ಕ್ರಾಸನ್ನು ಕೈಯಲ್ಲಿ ಹಿಡಿದು ನೋಡಿದಾಗ ಕೀಚು ದನಿಯ ಮೂಲ ತಿಳಿಯಿತು. ಅದರ ನಾಲ್ಕು ತೋಳುಗಳೂ ಕನ್ನಡಿಯಂತೆ ನುಣ್ಣಗಿರಬೇಕು. ಎರಡು ತೋಳುಗಳ ಮೇಲೆ ಸೂಜಿಗಳು ಒತ್ತಿದಲ್ಲೆಲ್ಲ ಸಣ್ಣ ಸಣ್ಣ ಕಾಲುವೆ ಬಿದ್ದಿತ್ತು. ಉಗುರಿನಿಂದ ಅಡ್ಡಕ್ಕೆ ಎಳೆದರೆ ಬಾಚಣಿಗೆಯ ಹಲ್ಲಿನ ಮೇಲೆ ಎಳೆದಂತೆ ಟರ್ರೆನ್ನುತ್ತಿತ್ತು. ಹೋದ ಕ್ರಾಸಿನಲ್ಲಿ ಸೂಜಿಗಳು ಉರುಳುವುದಿಲ್ಲ, ಶಾಫ್ಟಿನ ಕೋನಕ್ಕೆ ತಕ್ಕಂತೆ ಒಂದಿಷ್ಟು ಹಿಂದೆ ಮುಂದೆ ಆಡುತ್ತ ನಿಂತಲ್ಲೇ ಕೊರೆಯುತ್ತವೆ. ಹಳ್ಳದ ನೀರು ಸೀಲಿನ ಒಳಗೆ ಹೋಗಿ ಗ್ರೀಸನ್ನು ತೊಳೆದಿತ್ತು. ಕ್ರಾಸಿನ ನಿಪ್ಪಲ್ಲಿನ (ಗ್ರೀಸು ತುಂಬುವ ಸಣ್ಣ ಮೂತಿಯ) ಮೂಲಕ ಗ್ರೀಸ್ ಹೊಡೆಸಿದರೆ ಸಾಕಿತ್ತು, ಆದರೆ ನಿಪ್ಪಲ್ಲು ಕೆಸರಿನೊಳಗೆ ಹೂತುಹೋಗಿದ್ದರಿಂದ ಸರ್ವೀಸಿನವರೂ ಅದನ್ನು ಕಂಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೊಸ ಕ್ರಾಸಿಗೆ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋದೆ. ಹಳೆಯದನ್ನು ಜೊತೆಗೆ ಒಯ್ದಿದ್ದರಿಂದ ಬದುಕಿದೆ. ಜೀಪಿನ ಕ್ರಾಸ್ ಎಂದು ಬಾಯಲ್ಲಿ ಹೇಳಿದ್ದಕ್ಕೆ ಅಂಗಡಿಯವರು ಮೊದಲು ಕೊಟ್ಟದ್ದು ಕಪ್ಪಿನ ಅಳತೆಯಲ್ಲಿ ಸರಿಯಿದ್ದು ಉದ್ದದಲ್ಲಿ ಸರಿಯಿರಲಿಲ್ಲ. ಕಪ್ಪಿನ ವ್ಯಾಸ, ಎದುರು ಬದುರಿನ ಎರಡು ಕಪ್ಪುಗಳ ನಡುವಿನ ಹೊರ ಅಳತೆ, ಈ ಎರಡನ್ನೂ ಅಳೆದು ನೋಡಬೇಕು. ನನ್ನದರ ಕಪ್ಪು 27 ಮಿ.ಮೀ., ಉದ್ದ 82 ಮಿ.ಮೀ. ಹತ್ತಿರ.

ಯೋಕಿನ ಕಿವಿಗಳಿಂದ ಹಳೆಯ ಕಪ್ಪುಗಳನ್ನು ಹೊರಡಿಸಲು ಸುತ್ತಿಗೆಗಿಂತ ವೈಸ್ ಮೇಲು. ಕಪ್ಪು ಜಾರದಂತೆ ಹಿಡಿದಿರುವ ಲಾಕುಗಳನ್ನು ತೆಗೆದು, ಒಂದು ಕಡೆ ಕಪ್ಪಿಗಿಂತ ಚಿಕ್ಕ ಸಾಕೆಟ್ಟು, ಇನ್ನೊಂದು ಕಡೆ ಕಪ್ಪು ಒಳಹೋಗುವಷ್ಟು ದೊಡ್ಡ ಸಾಕೆಟ್ಟು ಇಟ್ಟು ವೈಸ್ ಬಿಗಿಯುತ್ತ ಹೋದರೆ ಕಪ್ಪು ತಾನಾಗಿ ಹೊರಬರುತ್ತದೆ. ಹೊಸದನ್ನು ಒತ್ತುವಾಗ ಕ್ರಾಸಿನ ತೋಳು ಕಪ್ಪಿನೊಳಗೆ ಇದ್ದೇ ಇರುವಂತೆ ನೋಡಿಕೊಳ್ಳಬೇಕು. ಒಂದು ಸೂಜಿ ಅಡ್ಡ ಬಿದ್ದು ಕಪ್ಪಿನ ತಳ ಸೇರಿದರೂ ಕಪ್ಪು ಪೂರ್ತಿ ಒಳಗೆ ಕೂರುವುದಿಲ್ಲ, ಲಾಕಿನ ಕಾಲುವೆ ಕಾಣುವುದಿಲ್ಲ. ನನಗೆ ಮೂರನೆಯ ಕಪ್ಪಿನಲ್ಲಿ ಹೀಗಾಯಿತು. ಇನ್ನೊಂದು ಸುತ್ತು ಬಿಗಿದರೆ ಕೂತೀತು ಎಂಬ ಆಸೆಯನ್ನು ತಡೆದುಕೊಂಡು ಬಿಚ್ಚಿ ನೋಡಿದೆ. ಬೆಂಕಿಕಡ್ಡಿಗಿಂತ ಸಣ್ಣದಾದ ಒಂದು ಸೂಜಿ ತಳದಲ್ಲಿ ಮಲಗಿತ್ತು. ಗ್ರೀಸು ಮೆತ್ತಿ ಅದನ್ನು ಗೋಡೆಗೆ ನಿಲ್ಲಿಸಿದ ಮೇಲೆ ಎಲ್ಲ ಸರಿಹೋಯಿತು. ಲಾಕುಗಳನ್ನು ಹಾಕಿದ ಮೇಲೆ ಯೋಕಿನ ಕಿವಿಗೆ ಹಗುರವಾಗಿ ಒಂದೆರಡು ಏಟು ಕೊಟ್ಟೆ; ಕ್ರಾಸು ಕೈಗೆ ಹಗುರವಾಗಿ ಆಡಿತು.

ಆಮೇಲೆ ಶಾಫ್ಟಿನ ಎರಡು ಭಾಗಗಳನ್ನು ಸ್ಪ್ಲೈನಿನಲ್ಲಿ ಸೇರಿಸಬೇಕು. ಗುರುತಿನ ಗೆರೆ ಎಲ್ಲಿ? ಕೆಸರಿನ ಜೊತೆಗೆ ಸೀಮೆಸುಣ್ಣವನ್ನೂ ನಾನೇ ತೊಳೆದುಬಿಟ್ಟಿದ್ದೆ. ಸ್ಪ್ಲೈನು ಎಲ್ಲ ಕಡೆಯೂ ಒಂದೇ ಥರ ಹಲ್ಲಿರುವುದು, ಹೇಗೆ ಸೇರಿದರೂ ಒಂದೇ ಎಂದು ಭಾವಿಸಿ ಸುಲಭವಾಗಿ ಜಾರಿದ ಕಡೆ ಸೇರಿಸಿ ಕಟ್ಟಿದೆ.

ಮರುದಿನ ತೀರ್ಥಹಳ್ಳಿಗೆ ಹೊರಟೆ. ಕೀಚು ದನಿ ಇಲ್ಲ, ‘ಟಣ್’ ಇಲ್ಲ. ಊರಿನ ರಸ್ತೆ ಮುಗಿದು ಡಾಂಬರು ಸಿಕ್ಕಿ ವೇಗ 40 ದಾಟಿದ್ದೇ ತಡ, ಇಡೀ ಜೀಪು ಮೈಯೆಲ್ಲ ನಡುಗತೊಡಗಿತು; ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡಾಗಿ ಕಾಣುತ್ತಿತ್ತು. ವೇಗ ಇಳಿಸಿದರೆ ಇಲ್ಲ, ಏರಿಸಿದರೆ ಇದೆ. ಹೊಸ ಕ್ರಾಸೇ ಕಳಪೆಯೆಂದು ಅಂಗಡಿಯವರನ್ನು ಬೈದುಕೊಳ್ಳುತ್ತ, ಪೇಟೆಯಲ್ಲಿ ಈಗ ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಮನೆ ಮುಂದೆ ನಿಲ್ಲಿಸಿದೆ. ಅವರು ಕೆಳಗೆ ಮಲಗಲೂ ಇಲ್ಲ, ಬಗ್ಗಿ ಒಮ್ಮೆ ನೋಡಿ, “ಬಾಣ ನೋಡಿ ಸೇರಿಸಿದ್ರಾ ಮಾರಾಯ್ರೆ?” ಎಂದರು. ಯಾವ ಬಾಣ ಎಂದು ಕೇಳಿದ್ದಕ್ಕೆ ತಂತಿ ಬ್ರಷ್ ಕೊಟ್ಟರು. ಉಜ್ಜಿದಾಗ ಶಾಫ್ಟಿನ ಮೇಲೊಂದು, ಸ್ಲಿಪ್ ಜಾಯಿಂಟಿನ ತೋಳಿನ ಮೇಲೊಂದು, ಒತ್ತಿ ಮೂಡಿಸಿದ ಎರಡು ಬಾಣಗಳು ಕಂಡವು. ಅವು ಒಂದಕ್ಕೊಂದು ಎದುರಾಗಿರಬೇಕಿತ್ತು. ನನ್ನವು ಹೆಚ್ಚುಕಡಿಮೆ ಕಾಲು ಸುತ್ತು ದೂರ ನಿಂತಿದ್ದವು.

ಅವರು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡಂತೆ ಬರೆಯುತ್ತೇನೆ. ಕ್ರಾಸ್ ಜಾಯಿಂಟು ಕೋನದಲ್ಲಿ ತಿರುಗುವಾಗ ಒಳಗೆ ಬರುವ ತಿರುಗು ಒಂದೇ ಸಮನಾಗಿದ್ದರೂ ಹೊರಗೆ ಹೋಗುವ ತಿರುಗು ಸಮನಾಗಿರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಸ್ವಲ್ಪ ಮುಂದೋಡಿ ಎರಡು ಸಲ ಸ್ವಲ್ಪ ಹಿಂದುಳಿಯುತ್ತದೆ. ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ನೇರದಲ್ಲಿದ್ದರೆ ಮೊದಲ ಕ್ರಾಸು ಮಾಡಿದ ಏರುಪೇರನ್ನು ಎರಡನೆಯದು ಸರಿದೂಗಿಸಿ ಕ್ರೌನಿಗೆ ಸಮನಾದ ತಿರುಗನ್ನು ಕೊಡುತ್ತದೆ. ಕಾಲು ಸುತ್ತು ತಪ್ಪಿದರೆ ಸರಿದೂಗುವ ಬದಲು ಏರುಪೇರು ಇಮ್ಮಡಿಯಾಗುತ್ತದೆ. ನಮ್ಮ ಜೀಪಿನಲ್ಲಿ ಗಾಲಿ ಒಂದು ಸುತ್ತು ಬರುವಾಗ ಶಾಫ್ಟ್ ಐದರಷ್ಟು ಸುತ್ತುವುದರಿಂದ, 50 ಕಿ.ಮೀ. ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ 2000 ಸುತ್ತಿನ ಹತ್ತಿರ ಬರುತ್ತದೆ. ನಡುಕ ಅದರ ಎರಡರಷ್ಟು. ಅಡಿಕೆ ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸಿದ್ದರಿಂದ ನಮ್ಮ ಶಾಫ್ಟಿನ ಕೋನವೂ ಹೆಚ್ಚು, ಆದ್ದರಿಂದ ನಡುಕವೂ ಹೆಚ್ಚು.

ಅವರ ಅಂಗಳದಲ್ಲೇ ಮತ್ತೆ ಗಾಲಿಗೆ ಕಲ್ಲು ಕೊಟ್ಟು, ಕ್ರೌನಿನ ಕಡೆಯ ಯು-ಬೋಲ್ಟ್ ಮಾತ್ರ ಬಿಚ್ಚಿ, ಈ ಸಲ ಕಪ್ಪುಗಳಿಗೆ ಟೇಪು ಸುತ್ತಿ, ಸ್ಪ್ಲೈನನ್ನು ಎಳೆದು ಬಾಣಕ್ಕೆ ಬಾಣ ಕೂಡಿಸಿ ಸೇರಿಸಿದೆ. ಮುಕ್ಕಾಲು ಗಂಟೆಯ ಕೆಲಸ. ಗ್ರೀಸ್ ಗನ್ನಿನಿಂದ ನಾಲ್ಕೂ ಸೀಲುಗಳ ಅಂಚಿನಲ್ಲಿ ಹೊಸ ಗ್ರೀಸು ಇಣುಕುವ ತನಕ ಹೊಡೆದೆ. ಮಂಡಗದ್ದೆಯ ತನಕ ಹೋಗಿ ಬಂದಾಗ 60ರಲ್ಲೂ ಕನ್ನಡಿ ಅಲುಗಲಿಲ್ಲ. ಮನೆಗೆ ಬಂದ ಮೇಲೆ ತಮ್ಮನ ಮಗ ಬಾಣಗಳ ಮೇಲೆ ಬಿಳಿ ಆಯಿಲ್ ಪೇಂಟು ಬಳಿದ. ಈಗ ಉಳಿದಿರುವುದು ಮುಂದಿನ ಶಾಫ್ಟು. ಅದರ ಕ್ರಾಸುಗಳು ಗಟ್ಟಿಯಾಗಿವೆ, ಆದರೆ ಒಂದು ನಿಪ್ಪಲ್ಲು ಮುರಿದು ಗ್ರೀಸು ಒಳಹೋಗುತ್ತಿಲ್ಲ, ಹಳ್ಳಕ್ಕೆ ನೀರು ಬರುವ ಮೊದಲು ಅದನ್ನು ಬದಲಿಸಬೇಕು.