ಪಪೆಟ್ ಏಜೆಂಟ್ ಮೂಲಕ ಡಾಕರ್ ಪ್ಲಗಿನ್ ಹಾಕುವುದು ಹೇಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜು ಲ್ಯಾಬುಗಳಲ್ಲಿ ಮೂವತ್ತು ಕಂಪ್ಯೂಟರ್ ಇದ್ದರೆ ಮೂವತ್ತೂ ಒಂದೇ ಹೊತ್ತಿಗೆ ಚಾಲೂ ಇರುವುದು ಅಪರೂಪ. ಕೆಲವು ಬಂದ್ ಇರುತ್ತವೆ, ಕೆಲವಕ್ಕೆ ಕರೆಂಟ್ ಇರುವುದಿಲ್ಲ. ಇಂಥ ಕಡೆ ಪಪೆಟ್ ಏಜೆಂಟ್ ಚೆನ್ನಾಗಿ ಒಗ್ಗುತ್ತದೆ. ಪಪೆಟ್ ಅಂದರೆ ಹಲವು ಯಂತ್ರಗಳನ್ನು ಒಂದು ಸರ್ವರ್‌ನಿಂದ ನಿಭಾಯಿಸುವ ತಂತ್ರಾಂಶ, ಪ್ರತಿ ಯಂತ್ರದಲ್ಲೂ ಓಡುವ ಅದರ ಭಾಗವೇ ಏಜೆಂಟ್. ಅದು ಸರ್ವರ್ ಕರೆಯಲೆಂದು ಕಾಯುವುದಿಲ್ಲ. 30 ನಿಮಿಷಕ್ಕೊಮ್ಮೆ ತಾನೇ ಸರ್ವರ್‌ನ 8140ನೇ ಪೋರ್ಟಿಗೆ ಹೋಗಿ ತನ್ನ ಪಾಲಿನ ಕೆಲಸ ಕೇಳುತ್ತದೆ. ನಿನ್ನೆ ಬಂದ್ ಇದ್ದ ಯಂತ್ರ ಇವತ್ತು ಚಾಲೂ ಆದರೆ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಪ್ಲಗಿನ್ ಅದಕ್ಕೂ ತಲುಪುತ್ತದೆ.

ನಿಮಗೆ ಬೇಕಾದದ್ದು ಯಾವ ಬಗೆಯ ಪ್ಲಗಿನ್ ಎಂದು ಮೊದಲೇ ನೋಡಿಕೊಳ್ಳಿ. ಕಂಪೋಸ್ ಮತ್ತು ಬಿಲ್ಡ್‌ಎಕ್ಸ್ ಹೆಸರಿಗೆ ಪ್ಲಗಿನ್ ಆದರೂ ಕಮಾಂಡ್ ಲೈನಿಗೆ ಸೇರಿದವು. ಅವನ್ನು ಪಪೆಟ್‌ನ ಪ್ಯಾಕೇಜ್ ರಿಸೋರ್ಸ್‌ನಿಂದ (ತಂತ್ರಾಂಶ ಹಾಕು ಎನ್ನುವ ಸೂಚನೆ) ಹಾಕಿದರೆ ಮುಗಿಯಿತು. ಇಲ್ಲಿ ಹೇಳುತ್ತಿರುವುದು ಎಂಜಿನ್ ಪ್ಲಗಿನ್‌ಗಳ ವಿಷಯ, ಅಂದರೆ ವಾಲ್ಯೂಮ್ (ಕಂಟೇನರ್ ಡೇಟಾ ಇಡುವ ಜಾಗ), ನೆಟ್‌ವರ್ಕ್, ಲಾಗ್ ನೋಡಿಕೊಳ್ಳುವಂಥವು.

ಸರ್ವರ್‌ನಲ್ಲಿ ಪಪೆಟ್‌ಲ್ಯಾಬ್ಸ್-ಡಾಕರ್ ಮಾಡ್ಯೂಲ್ ಹಾಕಿ. ಮ್ಯಾನಿಫೆಸ್ಟ್‌ನಲ್ಲಿ (ಯಂತ್ರ ಹೇಗಿರಬೇಕೆಂದು ಪಪೆಟ್‌ಗೆ ಹೇಳುವ ಫೈಲು) ಮೊದಲು ಡಾಕರ್ ಕ್ಲಾಸ್ ಸೇರಿಸಿ, ಕೆಳಗೆ ಡಾಕರ್ ಪ್ಲಗಿನ್ ರಿಸೋರ್ಸ್ ಬರೆಯಿರಿ. ಡಾಕರ್, ಪ್ಲಗಿನ್ ಎರಡೂ ಪದಗಳ ನಡುವೆ ಜೋಡಿ ಕೋಲನ್ ಬೇಕು. ರಿಸೋರ್ಸ್‌ನ ಹೆಸರೇ ಪ್ಲಗಿನ್‌ನ ಪೂರ್ತಿ ಹೆಸರು, ಟ್ಯಾಗ್ (ಆವೃತ್ತಿಯ ಗುರುತು) ಸಮೇತ. 'ರಿಕ್ವೈರ್' ಸಾಲಿನಲ್ಲಿ ಡಾಕರ್ ಕ್ಲಾಸನ್ನು ತೋರಿಸುವುದು ಮರೆಯಬೇಡಿ. ಡಾಕರ್ ಇನ್ನೂ ಎದ್ದಿಲ್ಲದಿದ್ದರೆ ಪ್ಲಗಿನ್ ಹಾಕುವ ಕಮಾಂಡ್ ಸೋಲುತ್ತದೆ.

ಅನುಮತಿಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ಕೈಯಿಂದ ಹಾಕುವಾಗ ಡಾಕರ್ ನಿಮ್ಮನ್ನು ಕೇಳಿಯೇ ಮುಂದೆ ಹೋಗುತ್ತದೆ. ಉದಾಹರಣೆಗೆ ಬೇರೆ ಯಂತ್ರದ ಫೋಲ್ಡರನ್ನು ಜೋಡಿಸಿಕೊಡುವ ಎಸ್‌ಎಸ್‌ಎಚ್‌ಎಫ್‌ಎಸ್ ವಾಲ್ಯೂಮ್ ಪ್ಲಗಿನ್ ಹೋಸ್ಟ್ ನೆಟ್‌ವರ್ಕ್, ಫ್ಯೂಸ್ ಡಿವೈಸ್ ಮತ್ತು ಸಿಸ್ ಅಡ್ಮಿನ್ ಅಧಿಕಾರ ಬೇಡುತ್ತದೆ. ನೀವು ವೈ ಒತ್ತಬೇಕು. ಏಜೆಂಟ್ ಓಡುವಾಗ ವೈ ಒತ್ತುವವರು ಯಾರೂ ಇರುವುದಿಲ್ಲ. ಅದಕ್ಕೇ ಮಾಡ್ಯೂಲ್‌ನಲ್ಲಿ ಎಲ್ಲ ಅನುಮತಿ ಕೊಡುವ 'ಗ್ರಾಂಟ್ ಆಲ್ ಪರ್ಮಿಷನ್ಸ್' ಎಂಬ ಪ್ಯಾರಾಮೀಟರ್ ಇದೆ, ಅದು ಮೊದಲಿನಿಂದಲೇ ಟ್ರೂ ಆಗಿರುತ್ತದೆ. ಸಿಸ್ ಅಡ್ಮಿನ್ ಅಧಿಕಾರ ಅಂದರೆ ಹೆಚ್ಚುಕಡಿಮೆ ರೂಟ್ ಕೀಲಿಯನ್ನೇ ಕೊಟ್ಟಂತೆ. ಹಾಗಾಗಿ ಹೊಸ ಪ್ಲಗಿನ್ ಯಾವುದೇ ಇರಲಿ, ಮೊದಲು ಒಂದು ಯಂತ್ರದಲ್ಲಿ ಕೈಯಿಂದ ಹಾಕಿ, ಏನೇನು ಕೇಳುತ್ತದೆ ಎಂದು ಓದಿ. ಒಪ್ಪಿಗೆಯಾದರೆ ಮಾತ್ರ ಮ್ಯಾನಿಫೆಸ್ಟ್‌ಗೆ ಸೇರಿಸಿ.

ಇನ್ನು 'ಸೆಟ್ಟಿಂಗ್ಸ್'. ಇದರಲ್ಲಿ ಹೆಸರು, ಸಮ ಚಿಹ್ನೆ, ಮೌಲ್ಯ ಈ ರೂಪದ ಪಟ್ಟಿ ಕೊಡಬೇಕು. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ: ಪ್ಲಗಿನ್ ಇದೆಯೋ ಇಲ್ಲವೋ ಎಂದಷ್ಟೇ ಏಜೆಂಟ್ ನೋಡುತ್ತದೆ. ಒಮ್ಮೆ ಹಾಕಿದ ಮೇಲೆ ಮ್ಯಾನಿಫೆಸ್ಟ್‌ನಲ್ಲಿ ಸೆಟ್ಟಿಂಗ್ ತಿದ್ದಿದರೆ ಯಂತ್ರದಲ್ಲಿ ಏನೂ ಬದಲಾಗದು, ತಪ್ಪಿನ ಸಂದೇಶವೂ ಬಾರದು. ಟ್ಯಾಗ್ ಲೇಟೆಸ್ಟ್ ಎಂದಿದ್ದರೂ ಅಷ್ಟೇ, ಹೊಸ ಆವೃತ್ತಿ ತಾನಾಗಿ ಇಳಿಯುವುದಿಲ್ಲ. ಬದಲಿಸಬೇಕೆಂದರೆ 'ಎನ್‌ಶೂರ್' ಅನ್ನು ಆಬ್ಸೆಂಟ್ ಮಾಡಿ ಒಂದು ಸುತ್ತು ಬಿಡಿ, ಆಮೇಲೆ ಹೊಸ ಸೆಟ್ಟಿಂಗ್‌ನೊಂದಿಗೆ ಪ್ರೆಸೆಂಟ್ ಮಾಡಿ. ಒಂದೆರಡೇ ಯಂತ್ರವಾದರೆ ಕೈಯಿಂದ ಮಾಡುವುದು ಸುಲಭ: ಮೊದಲು ಡಿಸೇಬಲ್, ಆಮೇಲೆ ಸೆಟ್, ಕೊನೆಗೆ ಎನೇಬಲ್. ಚಾಲೂ ಇರುವ ಪ್ಲಗಿನ್ ಮೇಲೆ ಸೆಟ್ ಕಮಾಂಡ್ ನಡೆಯುವುದಿಲ್ಲ.

ಎಲ್ಲ ಯಂತ್ರಕ್ಕೂ ಬಿಡುವ ಮೊದಲು ಒಂದರಲ್ಲಿ ಏಜೆಂಟನ್ನು ಟೆಸ್ಟ್ ಮತ್ತು ನೂಪ್ ಆಯ್ಕೆಗಳೊಂದಿಗೆ ಓಡಿಸಿ. ಏನು ಮಾಡಲಿದೆ ಎಂದು ಹೇಳುತ್ತದೆ, ಮಾಡುವುದಿಲ್ಲ. ಸರಿ ಎನಿಸಿದರೆ ನೂಪ್ ತೆಗೆದು ಓಡಿಸಿ, ಡಾಕರ್‌ನ ಪ್ಲಗಿನ್ ಪಟ್ಟಿಯಲ್ಲಿ ಎನೇಬಲ್ಡ್ ಕಾಲಂ ಟ್ರೂ ಇದೆಯೇ ನೋಡಿ.

ಪ್ಲಗಿನ್ ಇಳಿಯದೆ ನಿಂತಿತೆ? ಕಾಲೇಜಿನ ನೆಟ್‌ವರ್ಕ್ ಪ್ರಾಕ್ಸಿ ಹಿಂದೆ ಇದ್ದರೆ ಮೊದಲ ಅನುಮಾನ ಅದರ ಮೇಲೆ. ಡೌನ್‌ಲೋಡ್ ಮಾಡುವುದು ಏಜೆಂಟ್ ಅಲ್ಲ, ಹಿನ್ನೆಲೆಯಲ್ಲಿ ಓಡುವ ಡಾಕರ್ ಡೀಮನ್. ಪ್ರಾಕ್ಸಿಯನ್ನು ಡಾಕರ್‌ನ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಡ್ರಾಪ್-ಇನ್ ಫೈಲಿನಲ್ಲಿ ಕೊಟ್ಟು, ಡೀಮನ್-ರೀಲೋಡ್ ಮಾಡಿ, ಡಾಕರ್ ರೀಸ್ಟಾರ್ಟ್ ಮಾಡಬೇಕು. ಇಡೀ ಲ್ಯಾಬ್ ಒಂದೇ ಐಪಿಯಿಂದ ಹೊರಗೆ ಹೋಗುತ್ತಿದ್ದರೆ ಡಾಕರ್ ಹಬ್‌ನ (ಪ್ಲಗಿನ್ ಇಳಿದು ಬರುವ ತಾಣ) ಡೌನ್‌ಲೋಡ್ ಮಿತಿಯೂ ತಾಗಬಹುದು. ಏಜೆಂಟ್‌ನ 'ಸ್ಪ್ಲೇ' ಟ್ರೂ ಮಾಡಿದರೆ ಎಲ್ಲ ಯಂತ್ರಗಳೂ ಒಟ್ಟಿಗೆ ಮುಗಿಬೀಳುವುದಿಲ್ಲ. ಇಳಿದ ಮೇಲೂ ಎನೇಬಲ್ ಆಗದೆ 'ಎಕ್ಸೆಕ್ ಫಾರ್ಮ್ಯಾಟ್' ತಪ್ಪು ಬಂದರೆ ಪ್ಲಗಿನ್ ಬೇರೆ ಪ್ರೊಸೆಸರ್‌ಗೆ ಕಟ್ಟಿದ್ದು. ಆರ್ಮ್ ಬೋರ್ಡಿಗೆ ಆರ್ಮ್‌ನದೇ ಟ್ಯಾಗ್ ಬೇಕು.

ಏಜೆಂಟ್ ಸರ್ವರ್‌ವರೆಗೂ ಹೋಗದೆ ಸರ್ಟಿಫಿಕೇಟ್ ತಪ್ಪು ತೋರಿಸಿದರೆ ಗಡಿಯಾರ ನೋಡಿ. ಹಳೆಯ ಯಂತ್ರದ ಸಿಮಾಸ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ಹಿಂದಕ್ಕೆ ಜಾರುತ್ತದೆ, ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂದು ಯಂತ್ರ ತಿಳಿಯುತ್ತದೆ. ಸಿಆರ್2032 ಸೆಲ್ ಬದಲಿಸಿ, ನೆಟ್‌ವರ್ಕ್‌ನಿಂದ ಸಮಯ ಸರಿಪಡಿಸುವ ಕ್ರೋನಿ ಹಾಕಿ.

ಪ್ಲಗಿನ್ ತೆಗೆಯುವ ಮುನ್ನ ಅದರ ವಾಲ್ಯೂಮ್ ಬಳಸುವ ಕಂಟೇನರ್‌ಗಳನ್ನು ನಿಲ್ಲಿಸಿ. 'ಫೋರ್ಸ್ ರಿಮೂವ್' ಇದ್ದರೆ ಚಾಲೂ ಇರುವ ಪ್ಲಗಿನ್ ಕೂಡ ಹೋಗುತ್ತದೆ, ಆಗ ವಿದ್ಯಾರ್ಥಿಯ ಕಂಟೇನರ್ ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಲ್ಲಬಹುದು.