ಹಿತ್ತಾಳೆಯ ಮೇಲೆ ಕ್ಯಾಲಿಬರ್ ಅಳತೆಪಟ್ಟಿ: ನನ್ನ ಅನುಭವ

ಕಾಜಿಮಿರ್ ಸಿಮಿಯೆನೋವಿಚ್ ಬರೆದ ಫಿರಂಗಿ ವಿದ್ಯೆಯ ಗ್ರಂಥವು 1650ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ನಾನು ಓದಿದ್ದು 1729ರ ಇಂಗ್ಲಿಷ್ ಅನುವಾದ. ಪೋಲೆಂಡಿನ ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದ ಆತನ ಪುಸ್ತಕ ಕೈಗೆ ಬಂದವರು ಸಾಮಾನ್ಯವಾಗಿ ಮೂರನೆಯ ಭಾಗದ ರಾಕೆಟ್ ಚಿತ್ರಗಳಿಗೇ ನೇರವಾಗಿ ಹೋಗುತ್ತಾರೆ. ಆದರೆ ಅಲ್ಲಿನ ಅಳತೆಗಳು ಹೆಚ್ಚಾಗಿ ಕೊಳವೆಯ ವ್ಯಾಸದ ಇಷ್ಟು ಪಟ್ಟು ಎಂಬ ಲೆಕ್ಕದಲ್ಲಿವೆ, ಆ ವ್ಯಾಸವನ್ನು ಗುಂಡಿನ ತೂಕದಿಂದ ಹೇಳಲಾಗಿದೆ. ಹಾಗಾಗಿ ಮೊದಲ ಭಾಗದ ಕ್ಯಾಲಿಬರ್ ಅಳತೆಪಟ್ಟಿಯನ್ನು, ಅಂದರೆ ಗುಂಡಿನ ತೂಕಕ್ಕೆ ತಕ್ಕ ವ್ಯಾಸವನ್ನು ಗೆರೆಗಳಲ್ಲಿ ತೋರಿಸುವ ಲೋಹದ ಪಟ್ಟಿಯನ್ನು, ಕೈಯಾರೆ ಮಾಡಿಕೊಳ್ಳದೆ ಮುಂದಿನದು ಸರಿಯಾಗಿ ಹಿಡಿತಕ್ಕೆ ಸಿಗುವುದಿಲ್ಲ ಎಂದು ನನಗೆ ಅನ್ನಿಸಿತು. ಈ ಪಟ್ಟಿಯನ್ನು ಮೊದಲು ರೂಪಿಸಿದವನು ನ್ಯೂರೆಂಬರ್ಗಿನ ಗಿಯೋರ್ಗ್ ಹಾರ್ಟ್‌ಮನ್, 1540ರಲ್ಲಿ, ಎಂದು ಹೇಳಲಾಗುತ್ತದೆ.

ಲೆಕ್ಕ ಸರಳವಾದದ್ದು. ಗೋಳದ ತೂಕ ವ್ಯಾಸದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಒಂದು ಪೌಂಡಿನ ಗುಂಡಿನ ವ್ಯಾಸವನ್ನು 1000 ಭಾಗವೆಂದು ಹಿಡಿದರೆ ಎರಡು ಪೌಂಡಿನದು 1260, ಎಂಟರದು 2000, ಇಪ್ಪತ್ತೇಳರದು 3000 ಆಗುತ್ತದೆ. ತೊಡಕಿರುವುದು ಪೌಂಡಿನಲ್ಲಿ, ಏಕೆಂದರೆ ಅಂದಿನ ಯೂರೋಪಿನಲ್ಲಿ ಊರಿಗೊಂದು ಪೌಂಡ್ ಇತ್ತು. ಸುಮಾರು 510 ಗ್ರಾಂ ತೂಗುವ ನ್ಯೂರೆಂಬರ್ಗ್ ಪೌಂಡನ್ನು ಆರಿಸಿಕೊಂಡು, ಎರಕದ ಕಬ್ಬಿಣದ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 7.2 ಗ್ರಾಂ ಎಂದು ಹಿಡಿದಾಗ ಮೊದಲ ಗೆರೆ 51.3 ಮಿಲಿಮೀಟರಿಗೆ ಬಂತು. ಸುಮಾರು 494 ಗ್ರಾಂನ ಆಮ್‌ಸ್ಟರ್‌ಡ್ಯಾಮ್ ಪೌಂಡಿನಲ್ಲಿ ಅದು 50.8, ಅರವತ್ನಾಲ್ಕು ಪೌಂಡಿನ ಗೆರೆಗೆ ಹೋಗುವಷ್ಟರಲ್ಲಿ ಈ ಅರ್ಧ ಮಿಲಿಮೀಟರು ಎರಡಾಗಿರುತ್ತದೆ.

ಹಿತ್ತಾಳೆ ಪಟ್ಟಿಯನ್ನು ಎಮರಿ ಕಾಗದದಿಂದ ಉಜ್ಜಿ, ಗೀರು ಎದ್ದು ಕಾಣಲೆಂದು ಮಾರ್ಕಿಂಗ್ ಬ್ಲೂ ಎಂಬ ನೀಲಿ ಬಣ್ಣ ಬಳಿದು, ಸರ್ಫೇಸ್ ಪ್ಲೇಟ್ ಎಂಬ ನಿಖರ ಸಮತಟ್ಟಾದ ಹಲಗೆಯ ಮೇಲೆ ಆಂಗಲ್ ಪ್ಲೇಟ್ ಎಂಬ ಲಂಬಕೋನದ ಆಸರೆಗೆ ಬಿಗಿದು ನಿಲ್ಲಿಸಿ, ಎತ್ತರ ಅಳೆದು ಗೀರು ಹಾಕುವ ಹೈಟ್ ಗೇಜಿನಿಂದ ಒಂದೊಂದೇ ಗೆರೆ ಎಳೆದೆ. ಪ್ರತಿ ಗೆರೆಯನ್ನೂ ತಳದಿಂದಲೇ ಅಳೆಯಬೇಕು, ಹಿಂದಿನ ಗೆರೆಯಿಂದ ಮುಂದಕ್ಕೆ ಅಳೆಯುತ್ತಾ ಹೋದರೆ ಸಣ್ಣ ವ್ಯತ್ಯಾಸಗಳೆಲ್ಲ ಕೂಡಿಕೊಳ್ಳುತ್ತವೆ. ಒಂದಕ್ಕೂ ಎರಡಕ್ಕೂ ನಡುವೆ 13 ಮಿಲಿಮೀಟರಿಗಿಂತ ಹೆಚ್ಚು ಜಾಗವಿದ್ದರೆ, ಅರವತ್ಮೂರಕ್ಕೂ ಅರವತ್ನಾಲ್ಕಕ್ಕೂ ನಡುವೆ ಉಳಿಯುವುದು ಕೇವಲ 1.1. ಅಲ್ಲಿ ಅಂಕಿಗಳಿಗೆ ಸ್ಥಳವೇ ಸಿಗದ ಕಾರಣ ನಲವತ್ತರಿಂದಾಚೆ ಐದೈದಕ್ಕೊಂದು ಉದ್ದ ಗೆರೆ ಹಾಕಿ, ಅದಕ್ಕೆ ಮಾತ್ರ ಅಂಕಿ ಕೊರೆದೆ. ಹೈಟ್ ಗೇಜ್ ಇಲ್ಲದೆ, ಬರಿಯ ಕೈವಾರ ಹಿಡಿದು ಇದನ್ನೇ ಮಾಡುತ್ತಿದ್ದ ಅಂದಿನ ಕುಶಲಕರ್ಮಿಗಳ ಕೈಚಳಕವನ್ನು ಮೆಚ್ಚಲೇಬೇಕು.

ಇನ್ನೊಂದು ಬದಿಯಲ್ಲಿ ಸೀಸದ ಮಾಪನವನ್ನು ಗೀರಿದೆ. ಅಷ್ಟೇ ತೂಕದ ಸೀಸದ ಗುಂಡಿನ ವ್ಯಾಸ ಕಬ್ಬಿಣದ್ದರ ಶೇಕಡಾ 86ರಷ್ಟಿರುತ್ತದೆ. ಕಲ್ಲುಗುಂಡಿನ ಮಾಪನವನ್ನು ಕೈಬಿಟ್ಟೆ, ಏಕೆಂದರೆ ಕಲ್ಲಿನ ಸಾಂದ್ರತೆ ಒಂದೊಂದು ಗಣಿಗೂ ಬೇರೆಯಾಗುತ್ತದೆ. ರಾಕೆಟ್ಟುಗಳನ್ನು ಓದಲು ಬೇಕಾದದ್ದು ಸೀಸದ ಬದಿಯೇ: ಒಂದು ಪೌಂಡಿನ ರಾಕೆಟ್ ಎಂದರೆ ಒಂದು ಪೌಂಡಿನ ಸೀಸದ ಗುಂಡು ಹಿಡಿಸುವಷ್ಟು ವ್ಯಾಸದ್ದು, ಅಂದರೆ ನನ್ನ ಪಟ್ಟಿಯಲ್ಲಿ 44 ಮಿಲಿಮೀಟರ್, ರಾಕೆಟ್ಟಿನ ಸ್ವಂತ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ವ್ಯಾಸವನ್ನು ಕೈವಾರದಲ್ಲಿ ಹಿಡಿದು ಕಾಗದದ ಮೇಲೆ ಹೆಜ್ಜೆ ಹಾಕಿಸುತ್ತಾ ಹೋದರೆ, ಪುಸ್ತಕದಲ್ಲಿ ಬರಿಯ ಅಂಕಿಗಳಾಗಿದ್ದ, ರಾಕೆಟ್ ತಯಾರಿಸುವ ಅಚ್ಚಿನ ಎತ್ತರವೂ ಕೊಳವೆಯ ಗೋಡೆಯ ದಪ್ಪವೂ ನಿಜವಾದ ಗಾತ್ರದಲ್ಲಿ ಮೂಡುತ್ತವೆ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಮಾತ್ರ ಈ ಪ್ರಮಾಣಗಳನ್ನು ಹಾಗೆಯೇ ಅನ್ವಯಿಸಬಾರದು. ಯೂರೋಪಿನ ಈ ಲೆಕ್ಕಗಳು ಮುಖ್ಯವಾಗಿ ಅಂಟು ಹಚ್ಚಿ ಸುತ್ತಿದ ಕಾಗದದ ಕೊಳವೆಗಳಿಗಾಗಿ ಹಾಕಿದವು.