ಗಾಲ್ಫ್ ಗೇಮ್ ಕೋರ್ಸ್: ಆಕಾರ ಕೆಡದಂತೆ ನೆಲ ನಯಗೊಳಿಸುವ ಬಗೆ

ಲೈಡಾರ್ (ಲೇಸರ್‌ನಿಂದ ನೆಲ ಅಳೆಯುವ ವಿಧಾನ) ದತ್ತಾಂಶದ ಹೈಟ್‌ಮ್ಯಾಪ್, ಅಂದರೆ ನೆಲದ ಎತ್ತರಗಳನ್ನು ಹಿಡಿದಿಟ್ಟ ಚಿತ್ರ, ಹಾಕಿದ ಕೂಡಲೇ ಇಡೀ ಕೋರ್ಸಿನ ಮೇಲೆ ಸ್ಮೂತ್ ಬ್ರಷ್ ಎಳೆದುಬಿಡಬೇಡಿ. ಒರಟುತನದ ಜೊತೆಗೆ ಬಂಕರಿನ (ಮರಳು ಗುಳಿಯ) ಅಂಚು, ಟೀ ದಿಣ್ಣೆಯ (ಮೊದಲ ಹೊಡೆತದ ಜಾಗದ) ಬದಿ, ನೀರಿನ ದಂಡೆಯೂ ಕರಗಿಹೋಗುತ್ತವೆ. ನಯ ಬೇಕಿರುವುದು ಚೆಂಡು ಉರುಳುವ ಕಡೆ.

ಮೊದಲು ಫೈಲ್ ನೋಡಿ. 8-ಬಿಟ್ ಚಿತ್ರದಲ್ಲಿ ಎತ್ತರಕ್ಕೆ ಸಿಗುವುದು 256 ಮಟ್ಟ ಮಾತ್ರ. ಕೋರ್ಸಿನ ತಗ್ಗಿಗೂ ಎತ್ತರಕ್ಕೂ 60 ಮೀಟರ್ ಅಂತರವಿದ್ದರೆ ಒಂದೊಂದು ಮೆಟ್ಟಿಲು ಸುಮಾರು 23 ಸೆಂ.ಮೀ. ಆಗುತ್ತದೆ. 16-ಬಿಟ್‌ನಲ್ಲಿ ಅದು 1 ಮಿ.ಮೀ.ಗಿಂತ ಕಡಿಮೆ. 8-ಬಿಟ್ ಫೈಲನ್ನೇ 16 ಎಂದು ಸೇವ್ ಮಾಡಿದರೆ ಮೆಟ್ಟಿಲು ಹೋಗುವುದಿಲ್ಲ, ಮೂಲ ದತ್ತಾಂಶದಿಂದಲೇ ಮತ್ತೆ ತೆಗೆಯಬೇಕು. ಯೂನಿಟಿ ಎಂಬ ಗೇಮ್ ಎಂಜಿನ್‌ಗೆ ರಾ ಫೈಲ್ (ಬರೀ ಎತ್ತರದ ಸಂಖ್ಯೆಗಳ ಫೈಲ್) ಹಾಕಿದಾಗ ನೆಲವೆಲ್ಲ ಮುಳ್ಳುಮುಳ್ಳಾಗಿ ಕಂಡರೆ ಬೈಟ್ ಆರ್ಡರ್ (ಒಂದೊಂದು ಸಂಖ್ಯೆಯ ಬೈಟ್‌ಗಳನ್ನು ಓದುವ ಕ್ರಮ) ಬದಲಿಸಿ ನೋಡಿ.

ಯೂನಿಟಿಯಲ್ಲಿ ಹೈಟ್‌ಮ್ಯಾಪ್ ರೆಸಲ್ಯೂಷನ್ 1025, 2049, 4097 ಹೀಗೆ ಇರುತ್ತದೆ. 2048 ಮೀಟರ್ ಅಗಲದ ಟೆರೇನಿಗೆ 2049 ಕೊಟ್ಟರೆ ಮೀಟರಿಗೊಂದು ಬಿಂದು. ಫೇರ್‌ವೇಗೆ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾದಿಗೆ) ಅಷ್ಟು ಸಾಕು, ಗ್ರೀನ್‌ಗೆ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಸಾಲದು. ಹಾಗೆಂದು ಇಡೀ ಟೆರೇನನ್ನು 4097ಕ್ಕೆ ಏರಿಸಿದರೆ ಬಿಂದುಗಳು ನಾಲ್ಕು ಪಟ್ಟಾಗುತ್ತವೆ, ಅದರಲ್ಲಿ ಬಹುಪಾಲು ಮರಗಳ ಕೆಳಗೆ ವ್ಯರ್ಥ. ಗ್ರೀನ್ ಮತ್ತು ಬಂಕರುಗಳನ್ನು ಬೇರೆ ಮೆಶ್ (ಬಿಂದುಗಳ ಜಾಲ) ಆಗಿ ದಟ್ಟವಾಗಿ ಮಾಡಿ, ಅಂಚಿನ ಬಿಂದುಗಳನ್ನು ಸುತ್ತಲ ನೆಲಕ್ಕೆ ಸರಿಯಾಗಿ ಕೂಡಿಸುವುದೇ ಮೇಲು. ಅಂಚಿನಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಉಳಿದರೂ ಪಟ್ ಮಾಡಿದ (ಕುಳಿಯತ್ತ ಮೆಲ್ಲಗೆ ಉರುಳಿಸಿದ) ಚೆಂಡು ಅಲ್ಲಿ ಎಗರುತ್ತದೆ.

ನಯಗೊಳಿಸುವಾಗ ಮೊದಲು 3×3 ಮೀಡಿಯನ್ ಫಿಲ್ಟರ್ (ಪ್ರತಿ ಬಿಂದುವಿಗೂ ಅದರ ಸುತ್ತಲಿನವುಗಳ ನಡುವಿನ ಬೆಲೆ ಕೊಡುವುದು), ಆಮೇಲೆ ಗಾಸಿಯನ್ ಬ್ಲರ್ (ಅಕ್ಕಪಕ್ಕದ ಎತ್ತರಗಳನ್ನು ಬೆರೆಸಿ ಮೃದುವಾಗಿಸುವುದು). ಪೊದೆಯೋ ಕಂಬವೋ ಬಿಟ್ಟುಹೋದ ಒಂಟಿ ಮೊನೆಯನ್ನು ಮೀಡಿಯನ್ ಅಳಿಸುತ್ತದೆ. ಬ್ಲರ್ ಮೊದಲೇ ಬಂದರೆ ಆ ಮೊನೆ ಹರಡಿ ಗುಡ್ಡೆಯಾಗುತ್ತದೆ, ಆಮೇಲೆ ಅದನ್ನು ಪತ್ತೆ ಹಚ್ಚುವುದೂ ಕಷ್ಟ. ಬಂಕರ್, ಟೀ, ದಂಡೆಗಳಿಗೆ ಇವು ತಾಗದಂತೆ ಮಾಸ್ಕ್ ಹಾಕಿಟ್ಟುಕೊಳ್ಳಿ. ಕೈಯಿಂದ ಮಾಡುವ ಕಡೆ ದೊಡ್ಡ ಬ್ರಷ್, ಕಡಿಮೆ ಒಪ್ಯಾಸಿಟಿ (ಬ್ರಷ್ಷಿನ ಬಲ), 5ರಿಂದ 10% ಸಾಕು. ಚಿಕ್ಕ ಬ್ರಷ್ಷನ್ನು ಜೋರಾಗಿ ಆಡಿಸಿದರೆ ನೆಲದ ತುಂಬ ಸಣ್ಣ ತಟ್ಟೆಗಳಂಥ ಗುಳಿ ಬೀಳುತ್ತವೆ.

ಗ್ರೀನ್ ಸರಿಯಿದೆಯೇ ಎಂದು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ, ಇಳಿಜಾರು ಅಳೆಯಿರಿ. ಕುಳಿಯ ಸುತ್ತ 1ರಿಂದ 3%, ಅಂದರೆ ಮೀಟರಿಗೆ 1ರಿಂದ 3 ಸೆಂ.ಮೀ. ಇರಲಿ. ಡಿಗ್ರಿಯನ್ನು ಶೇಕಡಾ ಎಂದು ಓದಿ ಎಡವುವವರು ಬಹಳ: 4 ಡಿಗ್ರಿ ಎಂದರೆ 7%, ಸ್ಟಿಂಪ್ (ಗ್ರೀನ್ ಮೇಲೆ ಚೆಂಡು ಎಷ್ಟು ದೂರ ಉರುಳುತ್ತದೆ ಎಂಬ ಅಳತೆ) 12ರ ವೇಗದ ಗ್ರೀನ್‌ನಲ್ಲಿ ಅಲ್ಲಿ ಚೆಂಡು ನಿಲ್ಲುವುದೇ ಇಲ್ಲ.

ಕೊನೆಗೆ ಪಿಕ್ಸೆಲ್ ಎರರ್, ಅಂದರೆ ಕಾಣುವ ನೆಲ ಮೂಲ ಹೈಟ್‌ಮ್ಯಾಪ್‌ನಿಂದ ಎಷ್ಟು ಬೇರೆಯಾಗಬಹುದು ಎಂಬ ಸೆಟ್ಟಿಂಗ್. ಯೂನಿಟಿಯಲ್ಲಿ ಇದು ಮೊದಲಿಗೆ 5 ಇರುತ್ತದೆ. ಹೆಚ್ಚಿಸಿದಷ್ಟೂ ಕಾಣುವ ನೆಲ ಸರಳವಾಗಿ ಗೇಮ್ ಹಗುರಾಗುತ್ತದೆ, ಆದರೆ ಚೆಂಡು ತಾಗುವ ಕೊಲೈಡರ್ (ಡಿಕ್ಕಿಯ ಲೆಕ್ಕಕ್ಕೆ ಬಳಸುವ ಕಾಣದ ನೆಲ) ಬದಲಾಗುವುದಿಲ್ಲ. ಎರಡಕ್ಕೂ ಅಂತರ ಬಿದ್ದು, ದೂರದ ಕ್ಯಾಮೆರಾದಲ್ಲಿ ಚೆಂಡು ಹುಲ್ಲಿನೊಳಗೆ ಹೂತಂತೆಯೋ ಗಾಳಿಯಲ್ಲಿ ತೇಲಿದಂತೆಯೋ ಕಂಡರೆ ಆ ಸಂಖ್ಯೆಯನ್ನು ಇಳಿಸಿ. ಫಿಸಿಕ್ಸ್ ಕೆದಕಬೇಕಾಗಿಲ್ಲ.